ಕಾಲುಚೀಲ ಕಟ್ಟಿದ ಲೆನ್ಸು

ಯುನ್‌ಶ್ಯಾ ತನ್ನ ಕಪ್ಪು ಕಾಲುಚೀಲಕ್ಕಾಗಿ ಇಡೀ ಮನೆ ಜಾಲಾಡಿದಳು. ತಂಗಿಯ ಮದುವೆಗೆಂದು ಕೊಂಡ, ತೊಡೆಯವರೆಗೂ ಬರುವ ತೆಳ್ಳನೆಯ ಕಾಲುಚೀಲ. ಒಂದೇ ಸಲ ಹಾಕಿದ್ದು. ಕೊನೆಗೆ ಅದು ಸಿಕ್ಕಿದ್ದು ಅಡುಗೆಮನೆಯ ಮೇಜಿನ ಹತ್ತಿರ, ಗಂಡನ ಕೈಯಲ್ಲಿ. ದಾಗೆನ್ ಅದರಿಂದ ಅಂಗೈಯಗಲದ ತುಂಡು ಕತ್ತರಿಸಿ, ಒಂದು ಹಳೇ ಲೆನ್ಸಿನ ಹಿಂಬದಿಗೆ ಎಳೆದು, ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುತ್ತಿದ್ದ.

"ಏನೋ ಅದು?"

"ಫಿಲ್ಟರ್."

"ನನ್ನ ಕಾಲುಚೀಲ ಕಣೋ ಅದು!"

"ಅಂಗಡೀಲಿ ಮಂಜು ಫಿಲ್ಟರ್ ಅಂತ ಮಾರ್ತಾರೆ. ಅದಕ್ಕೆ ಅವರು ಕೇಳೋ ದುಡ್ಡಿಗೆ ನೀನು ಕಾಲುಚೀಲದ ಅಂಗಡೀನೇ ಇಡಬಹುದು. ಹಿಂದೆ ದೊಡ್ಡ ಕ್ಯಾಮೆರಾದವರೆಲ್ಲ ಇದನ್ನೇ ಕಟ್ತಿದ್ದಿದ್ದು. ಬೆಳಕು ಹರಡುತ್ತೆ, ಮುಖ ಹಾಲಿನ ಹಾಗೆ ಬರುತ್ತೆ."

"ನನ್ನನ್ನ ಒಂದು ಮಾತು ಕೇಳಬಾರದಾ?"

ಒಲೆಯ ಮುಂದೆ ಗೋಧಿ ರೊಟ್ಟಿ ಬೇಯಿಸುತ್ತಿದ್ದ ಅತ್ತೆ ಐಜು ತಿರುಗಿಯೂ ನೋಡದೆ, "ಇನ್ನೊಂದು ಕಾಲಿಂದು ಇದೆಯಲ್ಲ, ಅದನ್ನೇ ಹಾಕ್ಕೊಂಡು ಹೋಗು. ಬರಿಗಾಲನ್ನ ಯಾರು ನೋಡ್ತಾರೆ," ಎಂದಳು.

ಮೇಜಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದ ದೋದೋ ಕಿಸಕ್ಕೆಂದು ನಕ್ಕಳು. ಯುನ್‌ಶ್ಯಾ ಮಗಳನ್ನೂ ಬೈದಳು.

ಚೀನಾದ ಸಿನಿಮಾ ಊರಾದ ನಮ್ಮ ಹೆಂಗ್‌ದಿಯೆನ್‌ನಲ್ಲಿ ಬೆಳಗಾದರೆ ಚಕ್ರವರ್ತಿಗಳೂ ಸೇನಾಪತಿಗಳೂ ಬೀದಿ ಬದಿಯ ಸ್ಟೂಲಿನ ಮೇಲೆ ಕೂತು, ಗಡ್ಡ ಎತ್ತಿ ಹಿಡಿದುಕೊಂಡು ನೂಡಲ್ಸ್ ಹೀರುತ್ತಾರೆ. ಊರಿಗೆ ಊರೇ ಶೂಟಿಂಗಿನಿಂದ ಉಣ್ಣುತ್ತದೆ. ದಾಗೆನ್ ಹೊಡೆದಾಟದ ಆಳು. ಕುದುರೆಯಿಂದ ಬೀಳುವುದು, ಮೆಟ್ಟಿಲ ಮೇಲಿಂದ ಉರುಳುವುದು, ನಾಯಕನ ಒಂದು ಏಟಿಗೆ ಹತ್ತು ಅಡಿ ಹಾರುವುದು, ಇದೇ ಅವನ ಕಸುಬು. ಹೋದ ವರ್ಷ ಒಂದು ಮಾಳಿಗೆಯಿಂದ ಹಾರುವಾಗ ಹಗ್ಗ ಜಾರಿ ಸೊಂಟ ಮುರಿದುಕೊಂಡ. ಎದ್ದು ಓಡಾಡುವ ಹಾಗಾದರೂ ಬೀಳುವ ಕೆಲಸ ಮಾತ್ರ ಮುಗಿಯಿತು. ಬೀಳಲಾರದ ಸ್ಟಂಟ್ ಆಳನ್ನು ಯಾರು ಕರೆಯುತ್ತಾರೆ? ಮನೆ ನಡೆದದ್ದು ಯುನ್‌ಶ್ಯಾಳಿಂದ. ಅವಳು ಬಾಡಿಗೆ ವೇಷಭೂಷಣದ ಗೋದಾಮಿನಲ್ಲಿ ರಾಣಿಯರ ಲಂಗಗಳನ್ನು ಒಗೆದು ಇಸ್ತ್ರಿ ಮಾಡುತ್ತಿದ್ದಳು.

ಹೀಗಿರುವಾಗ ದಾಗೆನ್‌ಗೆ ಮೊಬೈಲ್ ನಾಟಕಗಳ ಹುಚ್ಚು ಹಿಡಿಯಿತು. ಫೋನನ್ನು ಉದ್ದಕ್ಕೆ ನೆಟ್ಟಗೆ ಹಿಡಿದು ನೋಡುವ, ಒಂದೊಂದು ಕಂತು ಒಂದೆರಡು ನಿಮಿಷದ ಕತೆಗಳು. ಊರಲ್ಲಿ ಈಗ ಎಲ್ಲರೂ ಅದನ್ನೇ ತೆಗೆಯುತ್ತಿದ್ದರು. ಅವನು ಒಂದು ಹಳೇ ಕ್ಯಾಮೆರಾ ಕೊಂಡ. ಅದಕ್ಕೆ ತಕ್ಕ ಹೊಸ ಲೆನ್ಸು ಕೊಳ್ಳುವ ಶಕ್ತಿ ಇರಲಿಲ್ಲ. ರೀಲಿನ ಕಾಲದ ಲೆನ್ಸುಗಳು ಗುಜರಿಯಲ್ಲಿ ಸಿಗುತ್ತಿದ್ದವು; ಅವನ್ನು ಈ ಕ್ಯಾಮೆರಾಕ್ಕೆ ಕೂರಿಸಲು ನಡುವೆ ಒಂದು ಲೋಹದ ಬಳೆ ಬೇಕು, ಅಡಾಪ್ಟರ್ ಅಂತಾರೆ. ಅಗ್ಗದ ಬಳೆ, ಲೊಡಲೊಡ ಅಲ್ಲಾಡುತ್ತಿತ್ತು. ಬಿಯರ್ ಡಬ್ಬದ ತಗಡು ಸೀಳಿ ಸಂದಿಗೆ ತುರುಕಿದ. ನಿಂತಿತು.

ಅವತ್ತು ಕಾಲುಚೀಲದ ಜಗಳ ಆರುವ ಮೊದಲೇ ದಾಗೆನ್ ಕ್ಯಾಮೆರಾವನ್ನು ಒಲೆಯ ಕಡೆ ತಿರುಗಿಸಿ, "ಬಾ, ನೋಡು" ಎಂದ. ಯುನ್‌ಶ್ಯಾ ಮುಖ ಊದಿಸಿಕೊಂಡೇ ಬಂದಳು. ಪುಟ್ಟ ಪರದೆಯಲ್ಲಿ ಅವರ ಅದೇ ಜಿಡ್ಡು ಹಿಡಿದ ಅಡುಗೆಮನೆ. ಆದರೆ ಕಿಟಕಿಯ ಬೆಳಕು ಹೊಗೆಯಂತೆ ಹರಡಿತ್ತು, ಬಾಣಲೆಯ ಆವಿ ಹೊಳೆಯುತ್ತಿತ್ತು, ಹಿಂದಿನ ಗೋಡೆಯ ಕೊಳೆ ಕರಗಿ ಬರೀ ಬಣ್ಣವಾಗಿತ್ತು. ಅತ್ತೆಯ ಸುಕ್ಕಿನ ಮುಖ ದೊಡ್ಡ ತೆರೆಯ ಮೇಲಿನ ಯಾವುದೋ ರಾಜಮಾತೆಯ ಮುಖದಂತಿತ್ತು.

"ಅಯ್ಯೋ," ಎಂದಳು ಯುನ್‌ಶ್ಯಾ. ಅಷ್ಟೇ.

"ಸಿನಿಮಾ!" ಎಂದ ದಾಗೆನ್. ಬಿದ್ದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು.

ಮೊದಲ ನಾಟಕ ತೆಗೆಯಲು ಮನೆಯವರೇ ಪಾತ್ರಧಾರಿಗಳು. ಐಜು ಅತ್ತೆ, ಯುನ್‌ಶ್ಯಾ ಸೊಸೆ. ಬಡ ಮನೆಯ ಸೊಸೆಯೊಬ್ಬಳು ಅತ್ತೆಯ ಮನಸ್ಸು ಗೆಲ್ಲುವ ಕತೆ. ಭಾನುವಾರಗಳೆಲ್ಲ ಅದಕ್ಕೇ ಹೋದವು. ಅನ್ನ ತಣ್ಣಗಾಗುತ್ತಿತ್ತು, ಬಟ್ಟೆ ಒಗೆಯದೆ ಉಳಿಯುತ್ತಿತ್ತು, ದೋದೋ ಕನ್ನಡಿ ಹಿಡಿದು ಬೆಳಕು ತಿರುಗಿಸುತ್ತಿದ್ದಳು. ಆದರೂ ಆ ವಾರಗಳಲ್ಲಿ ಮನೆಯಲ್ಲಿ ನಗು ಇತ್ತು. ಡೈಲಾಗು ಮರೆತರೆ ಐಜು ತನ್ನದೇ ಹಳ್ಳಿಯ ಬೈಗುಳ ಸೇರಿಸಿಬಿಡುತ್ತಿದ್ದಳು.

ಅದನ್ನು ನೋಡಲು ಫಾಂಗ್ ಬಂದ. ಇಂಥ ನಾಟಕಗಳನ್ನು ಕೊಂಡು ಆ್ಯಪ್‌ಗಳಿಗೆ ಮಾರುವ ದಲ್ಲಾಳಿ. ಐಜು ಒಣಸೊಪ್ಪು ಹಾಕಿ ಹಂದಿಮಾಂಸ ಬೇಯಿಸಿದ್ದಳು. ಅವನು ತಿನ್ನುತ್ತಾ ನೋಡಿದ, ನೋಡುತ್ತಾ ತಿಂದ.

"ಚಿತ್ರ ಅದ್ಭುತ ಕಣಪ್ಪಾ ದಾಗೆನ್. ಗುಜರಿ ಲೆನ್ಸಲ್ಲಿ ತೆಗೆದಿದ್ದು ಅಂದ್ರೆ ಯಾರೂ ನಂಬಲ್ಲ."

"ಹಾಗಾದ್ರೆ ತಗೋತೀರಾ?"

"ಏನು ತಗೊಳ್ಳೋದು? ಇಷ್ಟು ಹೊತ್ತಲ್ಲಿ ಒಬ್ಬರಾದ್ರೂ ಕೈ ಎತ್ತಿದ್ರಾ?" ಫಾಂಗ್ ಮೂಳೆ ಉಗಿದ. "ಅತ್ತೆ ಅಂದ್ರೆ ಬಾರಿಸಬೇಕು. ಕಂತಿಗೆ ಒಂದು ಕಪಾಳಮೋಕ್ಷ. ನೋಡೋರು ಬಸ್ಸಲ್ಲಿ ಇರ್ತಾರೆ, ಕಕ್ಕಸಲ್ಲಿ ಇರ್ತಾರೆ. ಚಟ್ ಅಂತ ಸದ್ದು ಕೇಳಿದ್ರೆ ಬೆರಳು ನಿಲ್ಲುತ್ತೆ. ಇಲ್ಲಾಂದ್ರೆ ಮುಂದಕ್ಕೆ ಹೋಗ್ತಾರೆ."

ಐಜು ಅವನ ಬಟ್ಟಲಿಗೆ ಇನ್ನೊಂದು ತುಂಡು ಹಾಕಿ, "ನನಗೆ ಹೊಡೆಯೋಕೆ ಬರಲ್ಲಪ್ಪ," ಎಂದಳು.

"ಬರುತ್ತೆ ಅಜ್ಜಿ, ಬರುತ್ತೆ. ಎಲ್ಲರಿಗೂ ಬರುತ್ತೆ."

ಮರುದಿನ ದಾಗೆನ್ ತಾಯಿಗೆ ಪಾಠ ಶುರು ಮಾಡಿದ. ಹೊಡೆಯದೇ ಹೊಡೆಯುವುದು ಅವನ ವಿದ್ಯೆ. ಕೈ ಕೆನ್ನೆಯ ಮುಂದೆ ಗಾಳಿಯಲ್ಲಿ ಹಾಯಬೇಕು, ಏಟು ತಿನ್ನುವವಳು ಅದೇ ಕ್ಷಣ ತಲೆ ತಿರುಗಿಸಬೇಕು, ಸದ್ದು ಆಮೇಲೆ ಸೇರಿಸಿದರಾಯಿತು. ಆದರೆ ಐಜುವಿನ ಕೈ ಹೊರಟಾಗ ಯುನ್‌ಶ್ಯಾಳ ತಲೆ ಹೊರಡುತ್ತಿರಲಿಲ್ಲ, ತಲೆ ಹೊರಟಾಗ ಕೈ ಹೊರಡುತ್ತಿರಲಿಲ್ಲ. ಮೇಲಾಗಿ ಆ ಹಳೇ ಲೆನ್ಸು. ಅದರ ಬೆಳಕಿನ ಕಿಂಡಿ ಪೂರ್ತಿ ತೆರೆದಿಟ್ಟರೆ ಮಾತ್ರ ಆ ಸಿನಿಮಾ ಚಂದ. ಹಾಗೆ ತೆರೆದರೆ ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು. ಮುಖ ಒಂದು ಬೆರಳಷ್ಟು ಆಚೀಚೆ ಆದರೂ ಎಲ್ಲ ಕಲಸಿಹೋಗುತ್ತಿತ್ತು.

"ಅಲುಗಾಡಬೇಡ ಅಂದ್ನಲ್ಲ!"

"ಹೊಡೆಸ್ಕೊಳ್ಳೋ ಹಾಗೆ ತಲೆ ತಿರುಗಿಸು ಅಂತೀಯ, ಅಲುಗಾಡಬೇಡ ಅಂತೀಯ. ಯಾವುದೋ ಒಂದು ಹೇಳು," ಎಂದಳು ಯುನ್‌ಶ್ಯಾ.

ದಾಗೆನ್ ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದ. "ಅಮ್ಮಾ, ಒಂದು ಸಲ ನಿಜವಾಗಿ ಹೊಡಿ."

"ಏನೋ ಹಾಗಂದ್ರೆ?"

"ನಿಜವಾಗಿ. ಮೆಲ್ಲಗೆ. ಆಗ ಅವಳು ತಾನಾಗೇ ತಿರುಗ್ತಾಳೆ."

ಐಜು ಸೊಸೆಯ ಮುಖ ನೋಡಿದಳು. ಯುನ್‌ಶ್ಯಾ, "ಹೊಡೀರಿ ಅತ್ತೆ, ಬೇಗ ಮುಗೀಲಿ. ಬಟ್ಟೆ ನೆನೆಹಾಕಿದ್ದೀನಿ," ಎಂದಳು. ಏಟು ಬಿತ್ತು. ಮೆಲ್ಲಗೇ ಬಿತ್ತು. ದಾಗೆನ್ ಪರದೆ ನೋಡಿ ತಲೆಯಾಡಿಸಿದ. "ಮುದ್ದು ಮಾಡ್ದಂಗಿದೆ. ಇನ್ನೊಂದು." ಎರಡನೆಯದಕ್ಕೆ ಯುನ್‌ಶ್ಯಾಳ ಕಣ್ಣಲ್ಲಿ ನೀರು ಚಿಮ್ಮಿತು. ಕಾಲುಚೀಲದ ಹಿಂದಿನಿಂದ ಆ ನೀರು ಮುತ್ತಿನ ಹಾಗೆ ಮಿನುಗಿತು. ದಾಗೆನ್ ಕುಣಿಯುವುದೊಂದು ಬಾಕಿ.

ಫಾಂಗ್ ಕೊಂಡುಕೊಂಡ. ಮನೆಗೆ ಹೊಸ ಫ್ರಿಜ್ ಬಂತು, ನಿಜವಾದ ಮಂಜು ಫಿಲ್ಟರ್ ಬಂತು, ತಿರುಗಿಸಿದರೆ ತಂಪುಕನ್ನಡಕದ ಹಾಗೆ ಬೆಳಕು ಕಡಿಮೆ ಮಾಡುವ ಕಪ್ಪು ಫಿಲ್ಟರೂ ಬಂತು. ಊಟಕ್ಕೆ ದಿನವೂ ಮಾಂಸ. ಎತ್ತಿದ ಕೈ ಮಾತ್ರ ಇಳಿಯಲಿಲ್ಲ. ಕಂತಿಗೊಂದು ಏಟು, ಏಟಿಗೆ ಮೂರೋ ನಾಲ್ಕೋ ಸಲ ತಿರುಗಿ ತಿರುಗಿ. ಆಮೇಲೆ ಕೂದಲು ಹಿಡಿದು ಎಳೆಯುವುದು. ಆಮೇಲೆ ಬಿಸಿ ಗಂಜಿಯ ಬಟ್ಟಲು ಎಸೆಯುವುದು. ಗಂಜಿ ಬೆಚ್ಚಗಿದ್ದದ್ದು ಸಾಲದು, ಆವಿ ಕಾಣಬೇಕು ಎಂದ ದಾಗೆನ್. ಯುನ್‌ಶ್ಯಾಳ ಕುತ್ತಿಗೆಯ ಕೆಳಗೆ ಬೊಬ್ಬೆ ಎದ್ದಿತು.

ಗೋದಾಮಿನಲ್ಲಿ ಜೊತೆಯವರು ಕೇಳಿದರು. "ಶೂಟಿಂಗ್," ಎಂದಳು. ನಮ್ಮ ಊರಲ್ಲಿ ಆ ಒಂದು ಮಾತು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ.

ಐಜುವಿಗೆ ಬೇರೆಯೇ ಗಾಳಿ ಬೀಸಿತ್ತು. ಸಂತೆಯಲ್ಲಿ ಟೋಫು ಮಾರುವವಳು, "ನೀವೇ ಅಲ್ವಾ ಆ ಕೆಟ್ಟ ಅತ್ತೆ!" ಎಂದು ಕೈ ಹಿಡಿದು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಳು. ಟೋಫು ಬಿಟ್ಟಿ ಕೊಟ್ಟಳು. ಐಜು ಮನೆಗೆ ಬಂದವಳೇ, "ಇವತ್ತಿನ ಕಂತಲ್ಲಿ ನಾನು ಎಷ್ಟು ಏಟು ಹೊಡೆಯೋದಿದೆ?" ಎಂದು ಮಗನನ್ನು ಕೇಳಿದಳು. ಚಿಕ್ಕ ಹುಡುಗಿಯಾಗಿದ್ದಾಗಲೇ ಸೊಸೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಏಟು ತಿಂದೇ ಬೆಳೆದವಳು ಅವಳು. ಗಂಡ ಸತ್ತ ದಿನವೇ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದೆ ಎಂದು ತಾನೇ ಒಮ್ಮೆ ಹೇಳಿಕೊಂಡಿದ್ದಳು. ಈಗ ಅವಳ ಕೈ ಮೇಲೇಳುವಾಗ ಯಾರೂ ಹೇಳಿಕೊಡಬೇಕಿರಲಿಲ್ಲ.

ಏಟು ಕ್ಯಾಮೆರಾ ಆರಿಸಿದ ಮೇಲೂ ಉಳಿಯತೊಡಗಿದ್ದು ಒಂದು ಊಟದ ಹೊತ್ತಿನಲ್ಲಿ. ಯುನ್‌ಶ್ಯಾ ಸಾರಿನ ಪಾತ್ರೆ ಮೇಜಿನ ಮೇಲಿಡುವಾಗ ತುಳುಕಿ, ಒರೆಸಿಟ್ಟಿದ್ದ ಮಂಜು ಫಿಲ್ಟರಿನ ಮೇಲೆ ಎಣ್ಣೆ ಸಿಡಿಯಿತು. ದಾಗೆನ್ ಕೂತಲ್ಲಿಂದಲೇ ಬಾರಿಸಿದ. ಅವಳು ಪಕ್ಕದ ಸ್ಟೂಲಿನ ಸಮೇತ ನೆಲಕ್ಕೆ ಬಿದ್ದಳು. ಎಡ ಕಿವಿಯಲ್ಲಿ ಗುಂಯ್ ಎಂಬ ಸದ್ದು ತುಂಬಿತು.

ಐಜು ಮೀನಿನ ಮುಳ್ಳು ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು.

ಯುನ್‌ಶ್ಯಾ ನೆಲದ ಮೇಲೇ ಕೂತು ಹೇಳಿದಳು: "ಜನ್ಮವೆಲ್ಲ ನೀನು ಹೊಡೆಯದೇ ಹೊಡೆಯೋದನ್ನ ಕಲಿತೆ. ಕತ್ತಿ ಹಿಡಿದು ಸಾವಿರ ಜನರನ್ನ ಕಡಿದೆ, ಒಬ್ಬರಿಗೂ ಗೀರು ಬೀಳಲಿಲ್ಲ. ನಿಜವಾಗಿ ಹೊಡೆಯೋಕೆ ನಿನಗೆ ನಾನೊಬ್ಬಳೇ ಸಿಕ್ಕಿದ್ದಾ?"

"ಆ ಗಾಜಿನ ಬೆಲೆ ಗೊತ್ತಾ ನಿನಗೆ?"

"ನನ್ನ ಕಿವಿ ಕೇಳಿಸ್ತಿಲ್ಲ ದಾಗೆನ್."

"ನಾಳೆ ಸರಿಹೋಗುತ್ತೆ. ಏಳು, ಊಟ ಮಾಡು."

ಸರಿಹೋಗಲಿಲ್ಲ. ಆಸ್ಪತ್ರೆಯಲ್ಲಿ ಕಿವಿಯ ಪೊರೆ ಹರಿದಿದೆ ಎಂದರು. ಅವಳು ಅಲ್ಲೂ "ಶೂಟಿಂಗ್" ಎಂದೇ ಹೇಳಿ, ಹತ್ತಿ ತುರುಕಿಸಿಕೊಂಡು ಗೋದಾಮಿಗೆ ಹೋದಳು. ಆಮೇಲಿನ ದಿನಗಳಲ್ಲಿ ಉಪ್ಪು ಹೆಚ್ಚಾದರೂ ಏಟು, ಬಾಗಿಲು ತೆಗೆಯಲು ತಡವಾದರೂ ಏಟು. ಅವಳೂ ಸುಮ್ಮನಿರಲಿಲ್ಲ. ಒಮ್ಮೆ ಕಚ್ಚಿದಳು, ಒಮ್ಮೆ ಬಿಸಿ ಸೌಟು ಬೀಸಿದಳು. ಗೋಡೆಯಾಚೆಯ ನಾವು ಕೇಳಿಸಿಕೊಂಡು, ಯಾವುದು ಶೂಟಿಂಗ್ ಯಾವುದು ಸಂಸಾರ ಎಂದು ಗೊತ್ತಾಗದೆ ಟಿವಿಯ ಸದ್ದು ಏರಿಸುತ್ತಿದ್ದೆವು.

ಒಂದು ರಾತ್ರಿಯೂಟದಲ್ಲಿ ದಾಗೆನ್ ಹೊಸ ಕತೆ ಹೇಳಿದ. ಗಂಡು ಮಗು ಹೆರದ ಸೊಸೆ, ಮೊಮ್ಮಗಳನ್ನು ಕಂಡರಾಗದ ಅಜ್ಜಿ.

"ಅಜ್ಜಿ ಮಗುಗೆ ಹೊಡೆಯೋ ಸೀನು. ಒಂದೇ ಒಂದು. ಫಾಂಗ್ ಹೇಳ್ತಾನೆ, ಮಗುಗೆ ಏಟು ಬಿದ್ರೆ ನೋಡೋರು ದುಪ್ಪಟ್ಟು."

ಯುನ್‌ಶ್ಯಾ ಊಟದ ಕಡ್ಡಿ ಕೆಳಗಿಟ್ಟಳು. "ಅವಳ ಮೈ ಮುಟ್ಟಿದ್ರೆ ನಿನ್ನನ್ನ ಕೊಂದುಹಾಕ್ತೀನಿ."

"ಈ ಡೈಲಾಗು ಚೆನ್ನಾಗಿದೆ, ಇಟ್ಕೋ," ಎಂದು ನಕ್ಕ ದಾಗೆನ್. "ಸುಳ್ಳು ಏಟೇ ಕಣೇ. ನಾನೇ ಕಲಿಸ್ತೀನಿ."

"ನನಗೂ ಹಾಗೇ ಅಂದಿದ್ದೆ."

ಐಜು ನಡುವೆ ಬಾಯಿ ಹಾಕಿದಳು. "ಒಂದು ಏಟಿಗೆ ಮಕ್ಕಳು ಸಾಯಲ್ಲ. ಇವನೇನು ಏಟು ತಿನ್ನದೇ ಬೆಳೆದ್ನಾ?"

"ಅದಕ್ಕೇ ಹೀಗೆ ಬೆಳೆದಿದ್ದಾನೆ ಅತ್ತೆ."

ದೋದೋ ಯಾರ ಮುಖವನ್ನೂ ನೋಡದೆ ಅನ್ನವನ್ನು ಕಡ್ಡಿಯಿಂದ ಒತ್ತಿ ಒತ್ತಿ ಗಟ್ಟಿ ಮಾಡುತ್ತಿದ್ದಳು.

ಆ ವಾರದಲ್ಲೇ ಒಂದು ಮಧ್ಯಾಹ್ನ ಗೋದಾಮಿನಲ್ಲಿ ಕರೆಂಟು ಹೋಗಿ ಇಸ್ತ್ರಿ ನಿಂತಿತು. ಯುನ್‌ಶ್ಯಾ ಬೇಗ ಮನೆಗೆ ಬಂದಳು. ಬಾಗಿಲಲ್ಲೇ ಗಂಡನ ದನಿ ಕೇಳಿಸಿತು: "ಅಳಬೇಡ ಪುಟ್ಟಾ, ಆಯ್ತು, ಇನ್ನೊಂದೇ ಸಲ. ಫೋಕಸ್ ಹೋಯ್ತು. ಅಮ್ಮಾ, ಕೈ ಇನ್ನೂ ಮೇಲಿಂದ."

ಮಗು ಕಿಟಕಿಯ ಬೆಳಕಿಗೆ ಗೋಡೆಗೊತ್ತಿ ನಿಂತಿತ್ತು. ಶಾಲೆಯ ಸಮವಸ್ತ್ರದ ಕೆಂಪು ಸ್ಕಾರ್ಫು ಇನ್ನೂ ಕತ್ತಿನಲ್ಲಿತ್ತು. ಒಂದು ಕೆನ್ನೆಯ ಮೇಲೆ ಬೆರಳುಗಳು ಎದ್ದಿದ್ದವು. ಮೂಗಿನಿಂದ ಸಣ್ಣಗೆ ರಕ್ತ. ಐಜು ಕೈ ಎತ್ತಿದ್ದಳು.

ಯುನ್‌ಶ್ಯಾ ಕೂಗಲಿಲ್ಲ. ಬಾಗಿಲ ಬಳಿ ಇದ್ದ ಖಾಲಿ ಟ್ರೈಪಾಡನ್ನು ಎರಡೂ ಕೈಯಿಂದ ಎತ್ತಿ, ಕ್ಯಾಮೆರಾಕ್ಕೆ ಬಗ್ಗಿದ್ದ ಗಂಡನ ಬೆನ್ನಿಗೆ ಬೀಸಿದಳು. ಅವನು ಕ್ಯಾಮೆರಾದ ಮೇಲೆ ಬಿದ್ದ, ಎರಡೂ ನೆಲಕ್ಕೆ ಬಿದ್ದವು. ಅವನು ಎದ್ದು ಅವಳ ಕತ್ತು ಹಿಡಿದು ಗೋಡೆಗೆ ತಲೆ ಅಪ್ಪಳಿಸಿದ. ಒಂದು ಸಲ, ಮತ್ತೊಂದು ಸಲ. ಅವಳ ಬಾಯಿ ರಕ್ತದಿಂದ ತುಂಬಿತು. ಅವಳು ಮೊಣಕಾಲಿನಿಂದ ಅವನ ಮುರಿದ ಸೊಂಟಕ್ಕೆ ಗುದ್ದಿದಳು. ಎಲ್ಲಿ ನೋವಿದೆ ಎಂದು ರಾತ್ರಿ ರಾತ್ರಿ ಎಣ್ಣೆ ತಿಕ್ಕಿದ್ದವಳು ಅವಳೇ. ಅವನು ಅರಚಿ ಕುಸಿದ. ಅವಳು ಮತ್ತೆ ಟ್ರೈಪಾಡ್ ಎತ್ತಿದಳು. ತಲೆ ಕಾಯಲು ಅವನು ಕೈ ಅಡ್ಡ ಹಿಡಿದ. ಮಣಿಕಟ್ಟಿನ ಮೂಳೆ ಮುರಿದ ಸದ್ದು ನಮ್ಮ ಮನೆಗೂ ಕೇಳಿಸಿತು.

"ಸಾಯಿಸ್ತೀಯೇನೇ!" ಐಜು ಕಿರುಚಿದಳು.

ಯುನ್‌ಶ್ಯಾ ಅವಳ ಕಡೆ ತಿರುಗಿದಳು. ಟ್ರೈಪಾಡ್ ಮೇಲೆಯೇ ಇತ್ತು. ಮುದುಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಒಲೆಯ ಮೂಲೆಗೆ ಮುದುಡಿದಳು. ಗಂಡ ಬದುಕಿದ್ದಾಗ ಹಾಗೇ ಮುದುಡುತ್ತಿದ್ದಳೋ ಏನೋ. ಯುನ್‌ಶ್ಯಾ ಟ್ರೈಪಾಡ್ ಬಿಸಾಕಿ, ಮಗಳನ್ನು ಎತ್ತಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು.

ಪೊಲೀಸರು ಬಂದರು. ದಾಗೆನ್ ಆಸ್ಪತ್ರೆಯಲ್ಲಿ ಹಲ್ಲು ಕಚ್ಚಿ ಹೆಂಡತಿಯ ಹೆಸರು ಹೇಳಿದ. ಐಜು ಮಾತ್ರ, "ಇಲ್ಲ ಸಾಹೇಬ್ರೆ, ಹೊಡೆದಾಟದ ಸೀನು. ಕೈ ತಪ್ಪಿತು," ಎಂದಳು. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದಳು. ಮಗುವಿನ ಮೂಗಿನ ರಕ್ತ ವಿಚಾರಣೆಗೆ ಬರಬಾರದು ಎಂದು ಹೇಳಿದಳೋ, ಸೊಸೆಯನ್ನು ಉಳಿಸಲು ಹೇಳಿದಳೋ, ನಮ್ಮ ಬೀದಿಯಲ್ಲಿ ಇವತ್ತಿಗೂ ವಾದ ಇದೆ.

ಯುನ್‌ಶ್ಯಾಳಿಗೆ ಗೋದಾಮಿನ ಯಜಮಾನಿ ಮೇಲಿನ ಕೋಣೆ ಕೊಟ್ಟಳು. ಸುತ್ತ ಚಕ್ರವರ್ತಿಗಳ ನಿಲುವಂಗಿಗಳು, ನಡುವೆ ಒಂದು ಮಂಚ, ಒಂದು ಅನ್ನದ ಕುಕ್ಕರು. ದಾಗೆನ್ ಫೋನು ಮಾಡಿದ; ಮೊದಲು ಬೈದ, ಆಮೇಲೆ ಅತ್ತ, ಮತ್ತೆ ಬೈದ. ಅವಳು ಕೇಳುವ ಕಿವಿಯಿಂದ ಫೋನು ತೆಗೆದು ಕೇಳದ ಕಿವಿಗೆ ಇಟ್ಟುಕೊಂಡು ಇಸ್ತ್ರಿ ಮಾಡುತ್ತಿದ್ದಳು.

ಕ್ಯಾಮೆರಾ ಮುರಿದಿರಲಿಲ್ಲ. ಅಡಾಪ್ಟರ್ ಬಳೆ ಸೊಟ್ಟಗಾಗಿತ್ತು, ದಾಗೆನ್ ಹೊಸದು ತರಿಸಿದ. ಕೈಗೆ ಪ್ಲಾಸ್ಟರ್ ಇದ್ದಾಗಲೇ ಫಾಂಗ್ ಬಂದು ಹೇಳಿದ್ದ: "ಕಾಲ ಬದಲಾಯ್ತಪ್ಪ. ಈಗ ಸೊಸೆ ತಿರುಗಿ ಹೊಡೀಬೇಕು. ಅತ್ತೆ ಮಣ್ಣು ಮುಕ್ಕಬೇಕು. ಅದಕ್ಕೇ ಈಗ ರೇಟು." ಸೊಸೆಯ ಪಾತ್ರಕ್ಕೆ ದಾಗೆನ್ ಬೀದಿಯಿಂದ ಒಬ್ಬಳನ್ನು ಕರೆತಂದ. ದೂರದ ಉತ್ತರದವಳು, ಕತ್ತಿವರಸೆ ಕಲಿತ ಗಟ್ಟಿ ಹುಡುಗಿ, ದಿನಗೂಲಿಗೆ ಬಂದವಳು. ಅವಳಿಗೆ ಐಜು ಯಾರೋ ಏನೋ. ಗೋಡೆಯಾಚೆಯಿಂದ ನಮಗೆ ಮತ್ತೆ ಸದ್ದು ಕೇಳಿಸಿತು, ಜೊತೆಗೆ ದಾಗೆನ್‌ನ ದನಿ: "ಅಲುಗಾಡಬೇಡಮ್ಮಾ. ಇನ್ನೊಂದು ಸಲ."

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಐಜು ಗೋದಾಮಿನ ಮೆಟ್ಟಿಲು ಹತ್ತಿ ಬಂದಳು. ಒಂದು ಕಣ್ಣು ಊದಿ ಮುಚ್ಚಿತ್ತು. ಕೈಯಲ್ಲಿ ಬಟ್ಟೆಯ ಗಂಟು, ಒಣಸೊಪ್ಪಿನ ಒಂದು ಜಾಡಿ. ಯುನ್‌ಶ್ಯಾ, ದೋದೋ ಊಟಕ್ಕೆ ಕೂತಿದ್ದರು.

"ಯಾರು ಹೊಡೆದಿದ್ದು? ಆ ಹುಡುಗೀನಾ?"

"ಹುಡುಗಿ ಹೊಡೆದಿದ್ದು ಇದು." ಐಜು ಕೆನ್ನೆ ತೋರಿಸಿದಳು. ಆಮೇಲೆ ಕಣ್ಣು. "ಇದು ಅವನು. ನಾಳೆಯಿಂದ ಕ್ಯಾಮೆರಾ ಮುಂದೆ ನಿಲ್ಲಲ್ಲ ಅಂದೆ, ಅದಕ್ಕೆ."

ಯುನ್‌ಶ್ಯಾ ಎದ್ದು ಒಂದು ಬಟ್ಟಲಿಗೆ ಅನ್ನ ಹಾಕಿ, ಮೇಲೆ ಬೆಂದ ಮೊಟ್ಟೆ ಇಟ್ಟು, ಕಡ್ಡಿ ಕೊಟ್ಟಳು. ಐಜು ಸ್ಟೂಲಿನ ಅಂಚಿನಲ್ಲಿ ಕೂತು ಗಬಗಬ ತಿಂದಳು. ಹಿಂದಿನ ದಿನದಿಂದ ಉಂಡಿರಲಿಲ್ಲ.

"ನಿಮ್ಮನ್ನ ಒಂದು ಕೇಳ್ತೀನಿ. ನಿಜ ಹೇಳಿದ್ರೆ ಇರಿ, ಸುಳ್ಳು ಹೇಳಿದ್ರೆ ಊಟ ಮುಗಿಸಿ ಹೋಗಿ," ಎಂದಳು ಯುನ್‌ಶ್ಯಾ. "ನನಗೆ ಹೊಡೆದ್ರಲ್ಲ ಅಷ್ಟು ದಿನ. ಅವನು ಹೇಳಿದ್ದಕ್ಕೆ ಹೊಡೆದಿದ್ದು ಎಷ್ಟು, ನೀವಾಗಿ ಹೊಡೆದಿದ್ದು ಎಷ್ಟು?"

ಐಜು ಅಗಿಯುವುದನ್ನು ನಿಲ್ಲಿಸಿದಳು. ಕೆಳಗೆ ಇಸ್ತ್ರಿಯ ಆವಿ ಬುಸ್ ಎಂದಿತು.

"ಮೊದಲೆರಡು ಅವನದು," ಎಂದಳು. "ಉಳಿದಿದ್ದೆಲ್ಲ ನನ್ನದೇ."

"ಮಗುಗೆ ಹೊಡೆದಿದ್ದು?"

ಮುದುಕಿ ಬಟ್ಟಲನ್ನೇ ನೋಡಿದಳು. "ಅದೂ ನನ್ನದೇ. ಕೈ ಎತ್ತಿದ್ರೆ ಹಗುರ ಆಗ್ತಿತ್ತು ಕಣೇ ಯುನ್‌ಶ್ಯಾ. ಏನು ಹೇಳ್ಲಿ. ಹಗುರ ಆಗ್ತಿತ್ತು."

ಯುನ್‌ಶ್ಯಾ ಜಾಡಿಯ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿದಳು.

"ಬಾಗಿಲ ಹತ್ತಿರ ಹಾಸ್ಕೊಳ್ಳಿ," ಎಂದಳು ಕೊನೆಗೆ. "ಮಗು ಗೋಡೆ ಕಡೆ, ನಡುವೆ ನಾನು. ಅವಳು ತಾನಾಗಿ ಕರೆಯೋವರೆಗೂ ಅವಳ ತಲೆ ಸವರೋಕೂ ಹೋಗಬೇಡಿ."

"ಆಗಲಿ," ಎಂದಳು ಐಜು.

ದೋದೋ ಇಷ್ಟು ಹೊತ್ತೂ ಅಜ್ಜಿಯ ಊದಿದ ಕಣ್ಣನ್ನೇ ನೋಡುತ್ತಿದ್ದಳು. ಈಗ ತನ್ನ ಬಟ್ಟಲು, ಕಡ್ಡಿ ಎರಡನ್ನೂ ಎತ್ತಿಕೊಂಡು, ಮಂಚ ಸುತ್ತಿ ಹೋಗಿ, ಅಜ್ಜಿಯಿಂದ ದೂರ, ತಾಯಿಯ ಆಚೆ ಬದಿಗೆ ಕೂತಳು. ಐಜು ಅದನ್ನು ನೋಡಿದಳು. ನೋಡಿ, ತಲೆ ತಗ್ಗಿಸಿ, ಉಳಿದ ಅನ್ನ ಉಣ್ಣತೊಡಗಿದಳು.